ವಾಚಿನೊಳಗಿನ ಮಷೀನ್ ಯಾರದು?

ಲಕ್ಷಾಂತರ ರೂಪಾಯಿ ಬೆಲೆಯ ಕೈಗಡಿಯಾರಗಳ ಜಾಹೀರಾತಿನಲ್ಲಿ ಕಳೆದ ಎರಡು ದಶಕಗಳಿಂದ 'ಇನ್‌ಹೌಸ್ ಮೂವ್‌ಮೆಂಟ್' ಎಂಬ ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಗಡಿಯಾರದ ಒಳಗಿನ ಯಂತ್ರವನ್ನು, ನಮ್ಮ ಪೇಟೆಬೀದಿಯ ರಿಪೇರಿಯವರು 'ಮಷೀನ್' ಎನ್ನುವ ಭಾಗವನ್ನು, ಕಂಪನಿ ಹೊರಗಿನಿಂದ ಕೊಂಡಿಲ್ಲ, ತಾನೇ ತಯಾರಿಸಿದೆ ಎಂಬ ಭರವಸೆ ಅದು. ಸ್ವಂತ ಮಷೀನ್ ಇದ್ದರೆ ವಾಚು ಮೇಲ್ದರ್ಜೆಯದು; ಒಂದೇ ಕಾರ್ಖಾನೆ ಲಕ್ಷಗಟ್ಟಲೆ ತಯಾರಿಸಿ ಹತ್ತಾರು ಕಂಪನಿಗಳಿಗೆ ಮಾರುವ ಮಷೀನ್ ಇದ್ದರೆ ಕೆಳದರ್ಜೆಯದು. ಈ ನಂಬಿಕೆ ಕೊಳ್ಳುವವರಲ್ಲಿ ಬೇರುಬಿಟ್ಟಿದೆ, ಬೆಲೆಯೂ ಅದರ ಮೇಲೇ ಏರುತ್ತಿದೆ. ತುಮಕೂರು ಜಿಲ್ಲೆಯವರಾದ ನಾವು ಇದನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ತುರುವೇಕೆರೆಯಲ್ಲಿ ಬಸ್ಸು ಹತ್ತಿ ಗುಬ್ಬಿ ದಾಟಿದರೆ ಸಿಗುವ ಜಿಲ್ಲಾ ಕೇಂದ್ರದಲ್ಲೇ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಇತ್ತು. ಎಚ್‌ಎಂಟಿಯ ಕೀ ಕೊಡುವ ವಾಚಿನ ಮಷೀನ್ ಕಂಪನಿಯ ಸ್ವಂತ ಕಾರ್ಖಾನೆಯಲ್ಲಿ ತಯಾರಾದದ್ದು, ಲಕ್ಷಗಟ್ಟಲೆ ತಯಾರಾದದ್ದು, ಶಾಲೆಯ ಮೇಷ್ಟ್ರ ಸಂಬಳಕ್ಕೂ ತೆಂಗಿನ ತೋಟದ ರೈತನ ಜೇಬಿಗೂ ಎಟುಕಿದ್ದು. ಒಂದೇ ವಸ್ತು ಸ್ವಂತದ್ದೂ ಆಗಿ, ಸಗಟು ತಯಾರಿಕೆಯದ್ದೂ ಆಗಿ, ಅಗ್ಗದ್ದೂ ಆಗಿರಲು ಸಾಧ್ಯವಾದ ಮೇಲೆ, ಸ್ವಂತ ತಯಾರಿಕೆಯನ್ನೇ ಗುಣಮಟ್ಟದ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ. ಮಷೀನಿನ ಗುಣ ಇರುವುದು ಅದಕ್ಕೆ ಬಳಸಿದ ಲೋಹದಲ್ಲಿ, ಅದನ್ನು ಹದ ಮಾಡಿದ ಕೈಯಲ್ಲಿ, ಮುಂದೆ ರಿಪೇರಿಯಾಗುವ ಸಾಧ್ಯತೆಯಲ್ಲಿ. ಸ್ವಂತ ತಯಾರಿಕೆಗೆ ನಿಜವಾದ ಬೆಲೆ ಇರುವ ಜಾಗ ಬೇರೆ. ಅದನ್ನು ಕೊನೆಗೆ ನೋಡೋಣ.

ಮೊದಲು ಈ ಮಷೀನ್ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕೀ ಕೊಡುವ ವಾಚಿನ ಹಿಂದಿನ ಮುಚ್ಚಳ ತೆಗೆದರೆ, ಒಂದು ಪುಟ್ಟ ಡಬ್ಬಿಯೊಳಗೆ ಉಕ್ಕಿನ ಮೇನ್ ಸ್ಪ್ರಿಂಗ್ ಸುತ್ತಿಕೊಂಡು ಕೂತಿರುತ್ತದೆ. ಪಕ್ಕದ ಗುಂಡಿ ತಿರುಗಿಸಿದಾಗ ಬಿಗಿಯಾಗುವುದು ಅದೇ. ಅದು ಬಿಚ್ಚಿಕೊಳ್ಳುವ ಬಲ ಹಲ್ಲಿನ ಚಕ್ರಗಳ ಸಾಲನ್ನು ಹಾದು ಎಸ್ಕೇಪ್ ವೀಲ್ ಎಂಬ ಕೊನೆಯ ಚಕ್ರಕ್ಕೆ ಬರುತ್ತದೆ. ಅಲ್ಲಿ ಕವೆಯಂಥ ಒಂದು ತುಂಡು, ತನ್ನ ಎರಡು ತೋಳುಗಳಲ್ಲಿ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳಿಂದ, ಚಕ್ರದ ಹಲ್ಲನ್ನು ಒಂದೊಂದಾಗಿ ತಡೆದು ತಡೆದು ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಸದ್ದು ಇದರದೇ. ಈ ತಡೆದು ಬಿಡುವ ಕೆಲಸಕ್ಕೆ ಲಯ ಕೊಡುವುದು ಬ್ಯಾಲೆನ್ಸ್ ವೀಲ್ ಮತ್ತು ಅದರ ನಡುವೆ ಸುರುಳಿಯಾಗಿರುವ, ಕೂದಲೆಳೆಯಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗ್. ಎಚ್‌ಎಂಟಿ ಜನತಾದಂಥ ವಾಚಿನಲ್ಲಿ ಈ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ದಿನಕ್ಕೆ 4,32,000 ಬಡಿತ. ದಿನವೊಂದಕ್ಕೆ 86,400 ಸೆಕೆಂಡು. ಲಯದಲ್ಲಿ ಸಾವಿರಕ್ಕೆ ಒಂದು ಪಾಲು ಹೆಚ್ಚುಕಡಿಮೆಯಾದರೂ ವಾಚು ದಿನಕ್ಕೆ ಸುಮಾರು ಒಂದೂವರೆ ನಿಮಿಷ ತಪ್ಪುತ್ತದೆ. ಹಾಗಾಗಿ ಮಷೀನಿನ ನಿಜವಾದ ಪರೀಕ್ಷೆ ಅದರ ಸಮತೋಲದ್ದು. ಮಲಗಿಸಿದಾಗ, ನಿಲ್ಲಿಸಿದಾಗ, ಬಿಸಿಲಲ್ಲಿ, ಚಳಿಯಲ್ಲಿ ಅದೇ ಲಯ ಉಳಿಯುತ್ತದೆಯೇ ಎಂಬುದು. ಸ್ವಿಟ್ಜರ್ಲೆಂಡಿನ ಕ್ರೊನೊಮೀಟರ್ ಪರೀಕ್ಷೆ ಮಾಡುವುದೂ ಇದನ್ನೇ. ಮಷೀನನ್ನು 15 ದಿನ, 5 ಭಂಗಿಗಳಲ್ಲಿ, 3 ಬಗೆಯ ತಾಪಮಾನದಲ್ಲಿ ಇಟ್ಟು ನೋಡುತ್ತಾರೆ. ಸರಾಸರಿಯಲ್ಲಿ ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ, ಅಷ್ಟರೊಳಗೆ ಇರಬೇಕು. ಮಷೀನ್ ಯಾರ ಕಾರ್ಖಾನೆಯದು ಎಂಬ ಪ್ರಶ್ನೆ ಆ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ.

ಈಗ ಎಚ್‌ಎಂಟಿಯ ಕಥೆ. 1953ರಲ್ಲಿ ಯಂತ್ರೋಪಕರಣ ತಯಾರಿಸಲು ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ತಾನ್ ಮಷೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ತಯಾರಿಕೆಗೆ ಇಳಿಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರು. ಬೇಡಿಕೆ ಏರಿದಂತೆ ಬೆಂಗಳೂರಿನಲ್ಲಿ ಎರಡನೆಯ ಕಾರ್ಖಾನೆ, ಶ್ರೀನಗರದಲ್ಲಿ ಮತ್ತೊಂದು, 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು, ಆಮೇಲೆ ನೈನಿತಾಲ್ ಜಿಲ್ಲೆಯ ರಾಣಿಬಾಗ್‌ನಲ್ಲಿ ಒಂದು, ಹೀಗೆ ಬೆಳೆಯಿತು. ಜನತಾ, ಪೈಲಟ್, ಜವಾನ್ ಎಂದು ಹೆಸರು ಹಲವು, ಡಯಲ್ಲು ಹಲವು. ಒಳಗೆ ಕೂತದ್ದು ಮಾತ್ರ ಹದಿನೇಳು ಕಲ್ಲಿನ, ಅಂದರೆ ಹದಿನೇಳು ಮಾಣಿಕ್ಯದ ಹರಳಿನ, ಒಂದೇ ಮನೆತನದ ಮಷೀನ್. ಅದರ ಮೂಲ ವಿನ್ಯಾಸ ಸಿಟಿಜನ್‌ನದು. ಹಾಗಿದ್ದ ಮೇಲೆ ಅದನ್ನು ಸ್ವಂತದ್ದು ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಕಟ್ಟುನಿಟ್ಟನ್ನು ಎಲ್ಲರಿಗೂ ಅನ್ವಯಿಸಬೇಕು. 2009ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಟ್ಯಾಗ್ ಹಾಯರ್ 'ಕ್ಯಾಲಿಬರ್ 1887' ಎಂಬ ಸ್ವಂತ ಮಷೀನನ್ನು ಘೋಷಿಸಿತು. ಅದರ ಮೂಲ ವಿನ್ಯಾಸದ ಹಕ್ಕನ್ನು ಜಪಾನಿನ ಸೈಕೊದಿಂದ ಪಡೆದದ್ದು ಎಂಬುದು ಆನಂತರ ಬೆಳಕಿಗೆ ಬಂದು, ಕಂಪನಿ ಅದನ್ನು ಒಪ್ಪಿಕೊಂಡಿತು. ಜಪಾನಿನ ವಿನ್ಯಾಸ ಪಡೆದು ತನ್ನ ಕಾರ್ಖಾನೆಯಲ್ಲಿ ತಯಾರಿಸುವ ಕೆಲಸವನ್ನು ಎಚ್‌ಎಂಟಿ ಸುಮಾರು ಐದು ದಶಕ ಮೊದಲೇ ಮುಚ್ಚುಮರೆಯಿಲ್ಲದೆ ಮಾಡಿತ್ತು. ಸ್ವಿಸ್ ವಾಚಿನಲ್ಲಿ ಇದು ಹೆಮ್ಮೆಯ ಸಂಗತಿಯಾಗುವುದಾದರೆ ನಮ್ಮ ಎಚ್‌ಎಂಟಿಗೂ ಆ ಮಾನ ಸಲ್ಲಬೇಕು.

ಸ್ವಿಸ್ ಇತಿಹಾಸವನ್ನು ನೋಡಿದರೆ ಸ್ವಂತ ಮಷೀನಿನ ಹಿರಿಮೆ ಇನ್ನಷ್ಟು ಸಡಿಲವಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜೂರಾ ಬೆಟ್ಟಗಳ ರೈತರು ಹಿಮ ಬೀಳುವ ತಿಂಗಳುಗಳಲ್ಲಿ ಮನೆಯಲ್ಲೇ ಕೂತು ಗಡಿಯಾರದ ಬಿಡಿಭಾಗ ಮಾಡುತ್ತಿದ್ದರು. ಒಂದು ಮನೆಯಲ್ಲಿ ಚಕ್ರ, ಇನ್ನೊಂದು ಮನೆಯಲ್ಲಿ ಮುಳ್ಳು, ಮತ್ತೊಂದು ಮನೆಯಲ್ಲಿ ಡಯಲ್ಲು. ಅವನ್ನು ಕೊಂಡು ಜೋಡಿಸಿ ತನ್ನ ಹೆಸರು ಹಾಕಿ ಮಾರುವವನು ಪಟ್ಟಣದ ವ್ಯಾಪಾರಿ. ಈ ಹಂಚಿಕೊಂಡ ಕಸುಬಿನಿಂದಲೇ ಸ್ವಿಸ್ ಗಡಿಯಾರಕ್ಕೆ ಹೆಸರು ಬಂತು. ಇಪ್ಪತ್ತನೆಯ ಶತಮಾನದಲ್ಲೂ ಅದು ಮುಂದುವರಿಯಿತು. ದೊಡ್ಡ ದೊಡ್ಡ ಮನೆತನಗಳೂ ಅದಕ್ಕೆ ಹೊರತಲ್ಲ. 1972ರ ಔಡಮಾರ್ ಪಿಗೆಯ 'ರಾಯಲ್ ಓಕ್', 1976ರ ಪಟೇಕ್ ಫಿಲಿಪ್‌ನ 'ನಾಟಿಲಸ್' ಇವೆರಡೂ ಇಂದು ಶ್ರೀಮಂತರು ವರ್ಷಗಟ್ಟಲೆ ಕಾದು ಕೊಳ್ಳುವ ವಾಚುಗಳ ಮೂಲಪುರುಷರು. ಎರಡರ ಒಳಗೂ ಇದ್ದದ್ದು ಜೇಜರ್ ಲಕೂಲ್ಟ್ರ್ ಕಂಪನಿ ಮಾಡಿಕೊಟ್ಟ '920' ಎಂಬ ತೆಳು ಮಷೀನ್. ವಾಶರಾನ್ ಕಾನ್‌ಸ್ಟಾಂಟಿನ್ ಕೂಡ ಅದನ್ನೇ ಕೊಂಡು ಬಳಸಿತು. ಸ್ವಾರಸ್ಯವೆಂದರೆ ಅದನ್ನು ಮಾಡಿದ ಕಂಪನಿ ತನ್ನ ವಾಚಿನಲ್ಲಿ ಅದನ್ನು ಹಾಕಲೇ ಇಲ್ಲ. 1969ರಲ್ಲಿ ಚಂದ್ರನ ಮೇಲೆ ಇಳಿದವರ ಜೊತೆಗಿದ್ದ ಒಮೆಗಾ ಸ್ಪೀಡ್‌ಮಾಸ್ಟರ್‌ನ ಮಷೀನ್ ಲೆಮಾನಿಯಾ ಎಂಬ ಕಂಪನಿಯಿಂದ ಬಂದದ್ದು. ಅದೇ ಮೂಲದ ಮಷೀನನ್ನು ಪಟೇಕ್ ಫಿಲಿಪ್ ತನ್ನ ಅತಿ ದುಬಾರಿ, ಸ್ಟಾಪ್‌ವಾಚ್ ಕೂಡ ಇರುವ ಕ್ರೊನೊಗ್ರಾಫ್‌ಗಳಲ್ಲಿ ಬಳಸಿ, 2009ರ ಸುಮಾರಿಗೆ ಸ್ವಂತದ್ದಕ್ಕೆ ಹೊರಳಿತು. ರೋಲೆಕ್ಸ್ ಡೇಟೋನಾ ವಾಚಿನಲ್ಲಿ ಮೊದಲು ಇದ್ದದ್ದು ವಾಲ್ಜೂ ಕಂಪನಿಯ ಮಷೀನ್. 1988ರಿಂದ 2000ದವರೆಗೆ ಜೆನಿತ್‌ನ 'ಎಲ್ ಪ್ರಿಮೆರೊ'ವನ್ನು ಮಾರ್ಪಡಿಸಿ ಹಾಕಿದರು. ನಟ ಪಾಲ್ ನ್ಯೂಮನ್ ಕೈಯಲ್ಲಿದ್ದ ಡೇಟೋನಾ 2017ರ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅಷ್ಟು ಹಣ ಕೊಟ್ಟವರಿಗೆ ಒಳಗಿನ ಮಷೀನ್ ವಾಲ್ಜೂದ್ದು ಎಂಬುದು ಅಡ್ಡಿಯಾಗಲಿಲ್ಲ.

ಹಾಗಾದರೆ ಸ್ವಂತ ಮಷೀನಿನ ಈ ಮೋಹ ಬಂದದ್ದು ಎಲ್ಲಿಂದ? ಬೀಜ ಬಿದ್ದದ್ದು ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ವಾಚಿನ, ನಮ್ಮ ಮಾತಿನ ಸೆಲ್ ವಾಚಿನ, ಕಾಲದಲ್ಲಿ. 1969ರ ಡಿಸೆಂಬರ್ 25ರಂದು ಸೈಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ 'ಆಸ್ಟ್ರಾನ್' ಅನ್ನು ಮಾರುಕಟ್ಟೆಗೆ ತಂದಿತು. ಕೀ ಕೊಡುವ ಯಾವ ವಾಚೂ ಸರಿಗಟ್ಟಲಾಗದಷ್ಟು ಕರಾರುವಾಕ್ಕಾದ ಸಮಯ ಕೆಲವೇ ವರ್ಷಗಳಲ್ಲಿ ಅಗ್ಗಕ್ಕೆ ಸಿಗತೊಡಗಿತು. 1970ರ ಹೊತ್ತಿಗೆ ಸುಮಾರು 90 ಸಾವಿರ ಜನರಿಗೆ ಅನ್ನ ಕೊಡುತ್ತಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಎಂಬತ್ತರ ದಶಕದ ನಡುವಿನ ಹೊತ್ತಿಗೆ ಉಳಿದವರು ಸುಮಾರು 30 ಸಾವಿರ. ಬಿಡಿ ಬಿಡಿಯಾಗಿದ್ದ ಮಷೀನ್ ಕಾರ್ಖಾನೆಗಳು ಮುಚ್ಚಿ, ಕೂಡಿ, ಕೊನೆಗೆ ಇಂದಿನ ಸ್ವಾಚ್ ಗ್ರೂಪಿನ 'ಇಟಿಎ' ಎಂಬ ಒಂದೇ ಹೆಬ್ಬಾಗಿಲಾಗಿ ಉಳಿದವು. ಮೆಕ್ಯಾನಿಕಲ್ ವಾಚಿಗೆ ಮತ್ತೆ ಬೇಡಿಕೆ ಬಂದಾಗ ಬಹುಪಾಲು ಕಂಪನಿಗಳು ಆ ಬಾಗಿಲಿಗೇ ಹೋಗಬೇಕಾಯಿತು. 2002ರಲ್ಲಿ ಸ್ವಾಚ್ ಗ್ರೂಪಿನ ನಿಕೊಲಾಸ್ ಹಾಯೆಕ್, ಪೂರ್ತಿಯಾಗಿ ಜೋಡಿಸದ ಕಚ್ಚಾ ಮಷೀನನ್ನು ಹೊರಗಿನವರಿಗೆ ಮಾರುವುದನ್ನು ನಿಲ್ಲಿಸುತ್ತೇವೆ ಎಂದಾಗ ಉದ್ಯಮ ಬೆಚ್ಚಿತು. ಸ್ವಿಸ್ ಸ್ಪರ್ಧಾ ಆಯೋಗ ನಡುವೆ ಬಂದು, ಪೂರೈಕೆಯನ್ನು ಹಂತಹಂತವಾಗಿ ಇಳಿಸುವ ಏರ್ಪಾಡಿಗೆ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಪೇಟೆಂಟ್ ಅವಧಿ ಮುಗಿದಿದ್ದ ಇಟಿಎ ವಿನ್ಯಾಸಗಳನ್ನೇ ಹಿಡಿದು ಸೆಲಿಟಾ ಎಂಬ ಕಂಪನಿ ಬೆಳೆಯಿತು. ಹಣವಿದ್ದ ಕಂಪನಿಗಳು ಸ್ವಂತ ಮಷೀನಿಗೆ ಬಂಡವಾಳ ಹಾಕಿದವು. ಪೂರೈಕೆ ನಿಂತೀತೆಂಬ ಭಯದಿಂದ ಹಾಕಿದ ಬಂಡವಾಳ ಅದು. ಅದನ್ನು ಗ್ರಾಹಕನಿಂದ ವಾಪಸು ಪಡೆಯಬೇಕಾದಾಗ, ಕಂಪನಿಯ ವ್ಯಾಪಾರದ ಅಗತ್ಯವೇ ವಾಚಿನ ಹಿರಿಮೆ ಎಂಬ ಮಾತಾಗಿ ಜಾಹೀರಾತಿಗೆ ಬಂತು.

ಸಗಟು ತಯಾರಿಕೆಯ ಮಷೀನ್ ಎಂದರೆ ಒಂದೇ ಗುಣದ್ದು ಎಂಬ ಭಾವನೆಯೂ ತಪ್ಪು. ಇಟಿಎಯ '2824-2' ಎಂಬ ಆಟೊಮ್ಯಾಟಿಕ್, ಅಂದರೆ ಕೈಯ ಚಲನೆಯಿಂದಲೇ ಕೀ ಸುತ್ತಿಕೊಳ್ಳುವ, ಮಷೀನನ್ನೇ ತೆಗೆದುಕೊಳ್ಳಿ. 25 ಕಲ್ಲು, ಗಂಟೆಗೆ 28,800 ಬಡಿತ, 4.6 ಮಿಲಿಮೀಟರ್ ದಪ್ಪ. ಈ ಒಂದೇ ಮಷೀನ್ ನಾಲ್ಕು ದರ್ಜೆಗಳಲ್ಲಿ ಮಾರಾಟವಾಗುತ್ತಿತ್ತು. ಕೆಳಗಿನ ದರ್ಜೆಯದನ್ನು ಎರಡು ಭಂಗಿಗಳಲ್ಲಿ ಮಾತ್ರ ಸರಿಹೊಂದಿಸುತ್ತಿದ್ದರು. ದಿನಕ್ಕೆ ಸರಾಸರಿ 12 ಸೆಕೆಂಡು ಆಚೀಚೆಯೊಳಗಿದ್ದರೆ ಸಾಕಿತ್ತು. ಅದರ ಮೇಲಿನದಕ್ಕೆ ಮೂರು ಭಂಗಿ, 7 ಸೆಕೆಂಡು. ಅದಕ್ಕೂ ಮೇಲಿನದಕ್ಕೆ ಐದು ಭಂಗಿ, 4 ಸೆಕೆಂಡು. ಅಷ್ಟೇ ಅಲ್ಲದೆ ಬ್ಯಾಲೆನ್ಸ್ ವೀಲ್ ಮತ್ತು ಹೇರ್ ಸ್ಪ್ರಿಂಗ್ ಎರಡೂ ಬೇರೆ, ಹೆಚ್ಚು ಉತ್ತಮವಾದ ಮಿಶ್ರಲೋಹದವು. ನಾಲ್ಕನೆಯದು ಕ್ರೊನೊಮೀಟರ್ ಪರೀಕ್ಷೆ ಪಾಸಾದದ್ದು. ವಿನ್ಯಾಸ ಒಂದೇ, ಕಾರ್ಖಾನೆ ಒಂದೇ. ಗುಣದಲ್ಲಿ ಇಷ್ಟು ಅಂತರ. ಆ ಅಂತರ ಹುಟ್ಟಿದ್ದು ಲೋಹದಿಂದ, ಮತ್ತು ಒಬ್ಬ ನುರಿತ ಕೆಲಸಗಾರ ಒಂದೊಂದು ಮಷೀನಿಗೆ ಎಷ್ಟು ಹೊತ್ತು ಕೊಟ್ಟ ಎಂಬುದರಿಂದ. ತಿಪಟೂರಿನ ಮಾರುಕಟ್ಟೆಗೆ ಬಂದ ಉಂಡೆ ಕೊಬ್ಬರಿಯನ್ನು ನೋಡುವ ವರ್ತಕ ಅದರ ಗಾತ್ರ, ಬಿಳುಪು, ಒಣಗಿದ ಹದ ನೋಡುತ್ತಾನೆ, ಕೌಟು ಹತ್ತಿದೆಯೇ ಎಂದು ಮೂಸುತ್ತಾನೆ. ಅದು ಮಾರುವವನ ಸ್ವಂತ ತೋಟದ್ದೋ ಕೊಂಡು ಅಟ್ಟಕ್ಕೆ ಹಾಕಿದ್ದೋ ಎಂಬುದರ ಮೇಲೆ ದರ ಕಟ್ಟುವುದಿಲ್ಲ. ವಾಚು ಕೊಳ್ಳುವವರಿಗೂ ಇದೇ ವಿವೇಕ ಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಣದ್ದು. ಮೂರು ಲಕ್ಷ ಕೊಟ್ಟು ಕೊಂಡ ವಾಚಿನಲ್ಲಿ, ಐವತ್ತು ಸಾವಿರದ ವಾಚಿನೊಳಗಿನ ಮಷೀನೇ ಇದ್ದರೆ ಮೋಸಹೋದಂತಲ್ಲವೇ? ಮಷೀನ್ ಅದೇ ದರ್ಜೆಯದಾಗಿದ್ದು, ಕಂಪನಿ ಅದರ ಮೇಲೆ ಯಾವ ಕೆಲಸವನ್ನೂ ಮಾಡದೆ ಬೇರೆ ಹೆಸರು ಕೆತ್ತಿ ಮಾರಿದ್ದರೆ ಖಂಡಿತ ಮೋಸವೇ. ಆದರೆ ಅದಕ್ಕೆ ಮದ್ದು ನೇರವಾಗಿ ಸತ್ಯ ಹೇಳುವುದು. ಯಾರ ಮಷೀನ್, ಯಾವ ದರ್ಜೆಯದು, ಅದರ ಮೇಲೆ ನಾವು ಮಾಡಿದ ಕೆಲಸ ಯಾವುದು ಎಂದು ಕಂಪನಿ ತಿಳಿಸಲಿ. ಬೆಂಗಳೂರು ವಾಚ್ ಕಂಪನಿಯಂಥ ಸಣ್ಣ ಸಂಸ್ಥೆ ಸ್ವಿಸ್ ಮಷೀನನ್ನು ತರಿಸಿ, ನಮ್ಮ ದೇಶದ ವಿಷಯಗಳನ್ನು ಹಿಡಿದು ಡಯಲ್ಲು, ಕೇಸು ರೂಪಿಸಿ ಮಾರುತ್ತದೆ. ಸ್ವಂತ ಮಷೀನನ್ನೇ ಷರತ್ತಾಗಿಸಿದರೆ ಇಂಥ ಸಂಸ್ಥೆ ಹುಟ್ಟುವುದೇ ಸಾಧ್ಯವಿಲ್ಲ. ಇನ್ನೊಂದು ಕಡೆ, ಸ್ವಂತ ಎನಿಸಿಕೊಂಡದ್ದೂ ಬೇಗನೆ ಹಂಚಿಕೆಯದ್ದಾಗುತ್ತಿದೆ. ಟ್ಯೂಡರ್ ವಾಚು ಕಂಪನಿ 2016ರಲ್ಲಿ ಹುಟ್ಟುಹಾಕಿದ ಕೆನಿಸಿ ಎಂಬ ಮಷೀನ್ ಕಾರ್ಖಾನೆ ಇಂದು ಬೇರೆ ಕಂಪನಿಗಳಿಗೂ ಪೂರೈಸುತ್ತದೆ. ಬ್ರೈಟ್ಲಿಂಗ್‌ನ ಕ್ರೊನೊಗ್ರಾಫ್ ಮಷೀನ್ ಟ್ಯೂಡರ್ ವಾಚಿನೊಳಗೆ ಕೂತಿದೆ. ಜೂರಾದ ಹಳೆಯ ಹಂಚಿಕೆಯ ಪದ್ಧತಿಗೇ ಉದ್ಯಮ ಮರಳುತ್ತಿದೆ. ಇದರಿಂದ ವಾಚು ಕೆಡುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಲ್ಲರೂ ಒಂದೇ ಕಾರ್ಖಾನೆಯ ಮಷೀನ್ ಕೊಂಡರೆ ಹೊಸ ಶೋಧನೆ ಎಲ್ಲಿಂದ ಬರಬೇಕು? ಕಾಂತಪ್ರಭಾವಕ್ಕೆ ಜಗ್ಗದ ಸಿಲಿಕಾನ್ ಹೇರ್ ಸ್ಪ್ರಿಂಗ್, ಮೂರು ದಿನ ಓಡುವ ಮೇನ್ ಸ್ಪ್ರಿಂಗ್, ಇವುಗಳ ಹಿಂದೆ ಸ್ವಂತ ಮಷೀನ್ ಮಾಡುವ ದೊಡ್ಡ ಕಂಪನಿಗಳ ದುಡಿಮೆ ಇದೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಶೋಧನೆಗೆ ಬೆಲೆ ಕೊಡುವುದು ಬೇರೆ, ಸ್ವಂತ ಎಂಬ ಹಣೆಪಟ್ಟಿಗೆ ಬೆಲೆ ಕೊಡುವುದು ಬೇರೆ. ಹೊಸದೇನನ್ನೂ ತರದೆ, ಹಳೆಯ ವಿನ್ಯಾಸವನ್ನು ಅಷ್ಟಿಷ್ಟು ತಿದ್ದಿದ ಸ್ವಂತ ಮಷೀನಿಗೂ ಇಂದು ಅದೇ ಹೆಚ್ಚುವರಿ ಬೆಲೆ ಬೀಳುತ್ತಿದೆ. ಕೊಂಡವನು ಅದರ ದಂಡ ಕಟ್ಟುವುದು ರಿಪೇರಿಯ ದಿನ. ಕೆಲವೇ ಸಾವಿರ ಸಂಖ್ಯೆಯಲ್ಲಿ ತಯಾರಾದ ಸ್ವಂತ ಮಷೀನ್ ಕೆಟ್ಟರೆ ಹೊರಗಿನ ರಿಪೇರಿಯವರ ಬಳಿ ಬಿಡಿಭಾಗ ಇರುವುದಿಲ್ಲ. ಹಲವು ಕಂಪನಿಗಳು ಕೊಡುವುದೂ ಇಲ್ಲ. ವಾಚು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು, ಅವರು ಹೇಳಿದಷ್ಟೇ ಕೊಡಬೇಕು, ಕಂಪನಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಎಚ್‌ಎಂಟಿಯ ಹದಿನೇಳು ಕಲ್ಲಿನ ಮಷೀನನ್ನು ಇಂದಿಗೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಬಿಟ್ಟು ಓಡಿಸಿಕೊಡುತ್ತಾರೆ. ಚಕ್ರ ಸವೆದಿದ್ದರೆ ಕೆಟ್ಟ ಇನ್ನೊಂದು ಜನತಾದಿಂದಲೋ ಪೈಲಟ್‌ನಿಂದಲೋ ತೆಗೆದು ಹಾಕುತ್ತಾರೆ. ತಯಾರಿಸಿದ ಕಾರ್ಖಾನೆ ಮುಚ್ಚಿದ ಮೇಲೂ ಆ ವಾಚುಗಳು ಓಡುತ್ತಿರುವುದು ಅವು ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಒಂದೇ ಅಳತೆಯಲ್ಲಿ ತಯಾರಾದ ಕಾರಣಕ್ಕೆ. ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ವಸ್ತು ಎಂದು ದುಬಾರಿ ವಾಚುಗಳನ್ನು ಮಾರುತ್ತಾರಲ್ಲ, ಆ ಮಾತನ್ನು ನಡೆಸಿಕೊಡುವ ಶಕ್ತಿ ಸಗಟು ಮಷೀನಿಗೇ ಹೆಚ್ಚು.

ಹಾಗಾದರೆ ಸ್ವಂತ ತಯಾರಿಕೆಗೆ ಬೆಲೆಯೇ ಇಲ್ಲವೇ? ತುಮಕೂರಿನ ಕಾರ್ಖಾನೆ ಮುಚ್ಚಿದ್ದರಿಂದ ನಷ್ಟವೇ ಆಗಿಲ್ಲವೇ? ಇಲ್ಲಿಯೇ ನನ್ನ ವಾದದ ತಿರುಳು ಇರುವುದು. ಕೊಳ್ಳುವವನ ಕೈಯಲ್ಲಿ ಸ್ವಂತ ತಯಾರಿಕೆ ಎಂಬುದು ಒಂದು ಹಣೆಪಟ್ಟಿ. ತಯಾರಿಸುವ ಊರಿಗೆ ಅದು ಸಂಪತ್ತು. ಕೂದಲಿಗಿಂತ ಸಪೂರವಾದ ಮೊನೆಯನ್ನು ಕಡೆಯುವುದು, ಮಿಲಿಮೀಟರಿನ ನೂರನೆಯ ಒಂದು ಪಾಲಿನೊಳಗೆ ರಂಧ್ರ ಕೊರೆಯುವುದು, ಸಾವಿರಾರು ಬಿಡಿಭಾಗಗಳು ಒಂದಕ್ಕೊಂದು ಅದಲುಬದಲಾಗುವಷ್ಟು ಸಮನಾಗಿ ತೆಗೆಯುವುದು, ಅದಕ್ಕೆ ಬೇಕಾದ ಅಚ್ಚು, ಅಳತೆಯ ಸಾಧನಗಳನ್ನು ತಾವೇ ಮಾಡಿಕೊಳ್ಳುವುದು, ಇವೆಲ್ಲ ಕೊಂಡು ತಂದು ಜೋಡಿಸುವಲ್ಲಿ ಕಲಿಯುವ ವಿದ್ಯೆಗಳಲ್ಲ. ಮಳೆ ನೆಚ್ಚಿದ ರಾಗಿ ಹೊಲ, ತೆಂಗಿನ ತೋಟಗಳ ಈ ಜಿಲ್ಲೆಗೆ ಆ ವಿದ್ಯೆಯನ್ನು ತಂದದ್ದು ಎಚ್‌ಎಂಟಿ.

ಎಚ್‌ಎಂಟಿ ಸೋತದ್ದೇ ಸ್ವಂತ ಮಷೀನಿಗೆ ಅಂಟಿಕೊಂಡದ್ದರಿಂದ ಎಂದು ಕೆಲವರು ಹೇಳುತ್ತಾರೆ. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಲ್ಲಿ ಸೆಲ್ ವಾಚನ್ನೇ ನೆಚ್ಚಿ, ಅಂದವಾದ ಅಂಗಡಿಗಳನ್ನು ತೆರೆದು ಮಾರುಕಟ್ಟೆಯನ್ನು ಗೆದ್ದದ್ದು ನಿಜ. ಆದರೆ ತುಮಕೂರಿನ ಕಾರ್ಖಾನೆಯೂ ಸೆಲ್ ವಾಚಿಗೆ ಭಾಗಶಃ ಹೊರಳಿತ್ತು. ತಂತ್ರಜ್ಞಾನ ಕೈಗೆಟುಕದೆ ಹೋದ ಸಂಸ್ಥೆ ಅದಲ್ಲ. ಮಾರುಕಟ್ಟೆ ಬದಲಾದ ವೇಗಕ್ಕೆ ತಕ್ಕಂತೆ ನಿರ್ಧಾರಗಳು ಬರಲಿಲ್ಲ, ಅಂಗಡಿಯ ಕಡೆ ಗಮನ ಹರಿಯಲಿಲ್ಲ. ಕೆಲಸ ಬಲ್ಲ ಕೈಗಳು ಸೋತಿರಲಿಲ್ಲ. ಇತ್ತ, ಸೆಲ್ ವಾಚಿನಿಂದ ಗೆದ್ದ ಟೈಟಾನ್ ಈಗ ಅದೇ ಹೊಸೂರಿನಲ್ಲಿ ತನ್ನದೇ ಆಟೊಮ್ಯಾಟಿಕ್ ಮಷೀನ್ ತಯಾರಿಸುತ್ತಿದೆ. ಕೈಬಿಟ್ಟ ವಿದ್ಯೆಗೆ ಮತ್ತೆ ಬೆಲೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಜಾಗ ಇಸ್ರೋ ಪಾಲಾಯಿತು. ಬಾಹ್ಯಾಕಾಶದ ಕೆಲಸಕ್ಕೆ ಹೋದದ್ದಕ್ಕೆ ಯಾರೂ ಕೊರಗಬೇಕಿಲ್ಲ. ಕೊರಗಬೇಕಾದದ್ದು, ಆ ಕಾರ್ಖಾನೆಯಲ್ಲಿ ಮೂರು ದಶಕಕ್ಕೂ ಮೇಲೆ ಕೂಡಿಬಂದ ಸೂಕ್ಷ್ಮ ಕೆಲಸದ ಜ್ಞಾನವನ್ನು ಮುಂದಿನವರಿಗೆ ಕಲಿಸುವ ಏರ್ಪಾಡು ಇಲ್ಲದೆ ಹೋದದ್ದಕ್ಕೆ.

ಆದ್ದರಿಂದ ದುಬಾರಿ ವಾಚು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು: ಮಷೀನ್ ಯಾವ ದರ್ಜೆಯದು, ಎಷ್ಟು ಭಂಗಿಗಳಲ್ಲಿ ಸರಿಹೊಂದಿಸಿದ್ದು, ಇಪ್ಪತ್ತು ವರ್ಷದ ಮೇಲೆ ಬಿಡಿಭಾಗ ಸಿಗುತ್ತದೆಯೇ, ಕಂಪನಿಯ ಹೊರಗಿನವರು ರಿಪೇರಿ ಮಾಡಬಲ್ಲರೇ? ಈ ಪ್ರಶ್ನೆಗಳಿಗೆ ಉತ್ತರ ಕೊಡದೆ 'ಇನ್‌ಹೌಸ್' ಎಂದಷ್ಟೇ ಹೇಳುವ ಅಂಗಡಿಯಲ್ಲಿ ಹಣ ಬಿಚ್ಚಬೇಕಾಗಿಲ್ಲ. ಸ್ವಂತ ತಯಾರಿಕೆಯ ಪ್ರಶ್ನೆಯನ್ನು ನಾವು ಇಡಬೇಕಾದ ಜಾಗ ಬೇರೆ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ. ವಸಂತನರಸಾಪುರದಲ್ಲಿ ಯಂತ್ರೋಪಕರಣಗಳ ಪಾರ್ಕ್ ಬಂದಿದೆ. ಅಲ್ಲಿ ಬಿಡಿಭಾಗಗಳು ಬರೀ ಜೋಡಣೆಯಾಗುತ್ತವೆಯೋ, ಅಥವಾ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಐಟಿಐ ಮುಗಿಸಿದ ಹುಡುಗ ಹುಡುಗಿಯರು ಅವನ್ನು ಇಲ್ಲೇ ಕಡೆಯಲು ಕಲಿಯುತ್ತಾರೋ ಎಂದು ಜಿಲ್ಲೆಯ ಜನಪ್ರತಿನಿಧಿಗಳನ್ನು ಕೇಳಬೇಕು. ಎಚ್‌ಎಂಟಿ ಒಮ್ಮೆ ಕಲಿಸಿಕೊಟ್ಟ ವಿದ್ಯೆಯನ್ನು ಈ ಜಿಲ್ಲೆ ಎರಡನೆಯ ಸಲ ಕಳೆದುಕೊಳ್ಳಬಾರದು.